ಕಟ್ಟಾಳಿನ ಪರವಾಗಿ ನಾಲ್ಕು ಮಾತು

ಮಂತ್ರಕ್ಕೆ ಮಾವಿನಕಾಯಿ ಉದುರೀತೆ ಎಂದು ನಮ್ಮ ಹಿರಿಯರು ಕೇಳುತ್ತಿದ್ದರು. ಉದುರದು, ಮರ ಹತ್ತುವವನೊಬ್ಬ ಬೇಕೇ ಬೇಕು ಎಂಬ ಉತ್ತರ ಆ ಪ್ರಶ್ನೆಯೊಳಗೇ ಅಡಗಿತ್ತು. ಆದರೆ ಈಗ ನಮ್ಮ ಮನೆಗಳಲ್ಲಿ ಮಕ್ಕಳು ಗಣಕಯಂತ್ರದ ಮುಂದೆ ಕುಳಿತು ಆಡುವ ಕಲ್ಪನಾಲೋಕದ ಆಟಗಳಲ್ಲಿ ಮಂತ್ರಕ್ಕೆ ಮಾವಿನಕಾಯಿ ಧಾರಾಳವಾಗಿ ಉದುರುತ್ತದೆ. ಅದಕ್ಕೆ ನನ್ನ ತಕರಾರಿಲ್ಲ. ಕಲ್ಪನೆಯ ಲೋಕದಲ್ಲಿ ಉದುರದಿದ್ದರೆ ಇನ್ನೆಲ್ಲಿ ಉದುರಬೇಕು? ನನ್ನ ತಕರಾರು ಮರ ಹತ್ತುವವನ ವಿಷಯದ್ದು. ಅವನನ್ನು ಆಟಕ್ಕೆ ಕರೆದು, ಕೈಗೆ ಕತ್ತಿ ಕೊಟ್ಟು, ಮೈಗೆ ಕವಚ ತೊಡಿಸಿ, ಅನಂತರ ಮರದ ಕೆಳಗೆ ಸುಮ್ಮನೆ ನಿಲ್ಲಿಸಿಬಿಡುವುದೇಕೆ?

ಕನ್ನಡ ಪಾಠ ಹೇಳುವವನಿಗೆ ಈ ಉಸಾಬರಿ ಏಕೆ ಎಂದು ವಾಚಕರು ಕೇಳಿಯಾರು. ಹೇಳುತ್ತೇನೆ. ಕಳೆದ ಬೇಸಗೆಯ ರಜೆಯಲ್ಲಿ, ಪರೀಕ್ಷೆ ಮುಗಿಸಿ ಹಗುರವಾಗಿದ್ದ ನನ್ನ ಮಗಳು 'ಬಾಲ್ಡರ್ಸ್ ಗೇಟ್ 3' ಎಂಬ ಆಟವನ್ನು ತೆರೆದು, "ಅಪ್ಪಾ, ಇದನ್ನ ಇಬ್ಬರು ಕೂತು ಆಡಬಹುದು, ಬನ್ನಿ" ಎಂದಳು. ಬೆಲ್ಜಿಯಂ ದೇಶದ ಘೆಂಟ್ ನಗರದ ಲೇರಿಯನ್ ಸ್ಟುಡಿಯೋಸ್ ಸಂಸ್ಥೆ 2023ರ ಆಗಸ್ಟ್ ತಿಂಗಳಲ್ಲಿ ಹೊರತಂದ ಆಟ ಇದು. ಆಡುವವರು ತಮ್ಮ ಪಾತ್ರವನ್ನು ತಾವೇ ರೂಪಿಸಿಕೊಳ್ಳಬೇಕು. ಆರಿಸಿಕೊಳ್ಳಲು ಹನ್ನೆರಡು ವೃತ್ತಿಗಳಿವೆ. ಮಗಳು ವಿಜರ್ಡ್ ಎಂಬ ಮಾಂತ್ರಿಕ ವೃತ್ತಿಯನ್ನು ಹಿಡಿದಳು. ನಾನು ಫೈಟರ್ ಎಂಬುದನ್ನು, ಅಂದರೆ ಕಟ್ಟಾಳಿನ ವೃತ್ತಿಯನ್ನು, ಆರಿಸಿಕೊಂಡೆ. ವಯಸ್ಸಾದವನು ಸರಳವಾದದ್ದನ್ನು ಹಿಡಿಯುವುದು ಲೇಸೆಂದು ನನ್ನ ಎಣಿಕೆ.

ಕಾಳಗ ನಡೆದಾಗ ನಾನು ಅಪ್ರಯೋಜಕನಾಗಿದ್ದೆನೆಂದು ಹೇಳಲಾರೆ. ಎರಡು ಕೈಯಲ್ಲಿ ಹಿಡಿಯುವ ಕತ್ತಿಯಿಂದ ಚೆನ್ನಾಗಿಯೇ ಬಾರಿಸಿದೆ. ಆದರೆ ಕಾಳಗ ಮುಗಿದು ಕಥೆ ಮುಂದುವರಿದಾಗ ನೋಡಬೇಕಿತ್ತು ನನ್ನ ಸ್ಥಿತಿಯನ್ನು. ಬೀಗ ಹಾಕಿದ ಬಾಗಿಲು ಬಂತು. ಅವಳು ಮಂತ್ರದಿಂದ ತೆರೆದಳು. ಕಾವಲುಗಾರರು ಬಂದರು, ಅವಳು ಅದೃಶ್ಯಳಾದಳು. ಕಂದರ ಅಡ್ಡಬಂತು, ಮಂಜಿನಲ್ಲಿ ಕರಗಿ ಆಚೆ ದಡದಲ್ಲಿ ಮೂಡಿದಳು. ಪರಕೀಯರ ಊರು ಬಂತು, ಮುಖ ಬದಲಿಸಿಕೊಂಡಳು. ಯಾರೋ ಒಬ್ಬ ಸುಳ್ಳು ಹೇಳಿದ. ಅವನ ಮನಸ್ಸಿನೊಳಗೇ ಇಣುಕಿದಳು. ಪ್ರತಿಯೊಂದು ಸಲವೂ ನನ್ನ ಕಡೆ ತಿರುಗಿ, "ಅಪ್ಪಾ, ನೀವು ಸ್ವಲ್ಪ ಇಲ್ಲೇ ನಿಂತಿರಿ, ನಾನು ನೋಡ್ಕೊಂಡು ಬರ್ತೀನಿ" ಎನ್ನುತ್ತಿದ್ದಳು. ಹುಡುಗಿ ಅಕ್ಕರೆಯಿಂದಲೇ ಹೇಳಿದ ಮಾತು ಅದು. ಆದರೂ ಮೂರನೆಯ ದಿನಕ್ಕೆ ಅದು ನನ್ನನ್ನು ಚುಚ್ಚತೊಡಗಿತು. ಈ ಲೇಖನಕ್ಕೆ ಆ ಮಾತೇ ಕಾರಣ.

ಈ ರೋಗದ ಮೂಲ ಹಳೆಯದು. ಇಂಥ ಆಟಗಳಿಗೆಲ್ಲ ತಾಯಿಯಾದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' 1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಊರಿನಿಂದ ಹೊರಬಂತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ಅದರ ಕರ್ತೃಗಳು. ಮೇಜಿನ ಸುತ್ತ ಕುಳಿತು ದಾಳ ಉರುಳಿಸುತ್ತ ಬಾಯಿಮಾತಿನಲ್ಲಿ ಆಡುವ ಆಟ ಅದು. ಅದಕ್ಕೂ ಮೊದಲು, 1971ರಲ್ಲಿ, ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ ಸೇರಿ 'ಚೈನ್‌ಮೇಲ್' ಎಂಬ ಇನ್ನೊಂದನ್ನು ಪ್ರಕಟಿಸಿದ್ದರು. ಸೀಸದ ಪುಟ್ಟ ಸೈನಿಕರನ್ನು ಜೋಡಿಸಿ ಯುದ್ಧ ಹೂಡುವ ಆಟ ಅದು. ಅದರಲ್ಲಿ ಮಾಂತ್ರಿಕನು ಎಸೆಯುವ ಬೆಂಕಿಯ ಉಂಡೆಗೆ ಕಲ್ಲು ಬೀರುವ ಕವಣೆಯಂತ್ರದ ಅಳತೆಯನ್ನೇ ಕೊಟ್ಟಿದ್ದರು. ಅಂದರೆ ಈ ವಂಶದ ಮಾಂತ್ರಿಕ ಹುಟ್ಟಿದ್ದು ಮನುಷ್ಯನಾಗಿ ಅಲ್ಲ, ಫಿರಂಗಿಯಾಗಿ. ಒಂದು ದಂಡಿನಲ್ಲಿ ಒಂದು ಫಿರಂಗಿ, ನೂರು ಕಾಲಾಳು ಇದ್ದರೆ ಯಾರೂ ಸಮತೋಲದ ಪ್ರಶ್ನೆ ಎತ್ತುವುದಿಲ್ಲ. ಎರಡೂ ಒಬ್ಬನೇ ಸೇನಾಪತಿಯ ಕೈಯಲ್ಲಿರುತ್ತವೆ. ಆದರೆ 1974ರ ಆಟದಲ್ಲಿ ಒಂದೊಂದು ಗೊಂಬೆಯ ಹಿಂದೆಯೂ ಒಬ್ಬೊಬ್ಬ ಮನುಷ್ಯ ಬಂದು ಕುಳಿತ. ಒಬ್ಬ ಗೆಳೆಯನಿಗೆ ಫಿರಂಗಿ ಸಿಕ್ಕಿತು, ಇನ್ನೊಬ್ಬನಿಗೆ ಕಾಲಾಳು ಸಿಕ್ಕಿದ. ಜಗಳ ಅಲ್ಲಿಂದ ಮೊದಲಾಯಿತು.

ಹಳಬರು ಇದನ್ನು ಕಾಣದವರಲ್ಲ. ಅವರು ಮಾಂತ್ರಿಕನಿಗೆ ಹಲವು ಕಡಿವಾಣ ಹಾಕಿದ್ದರು. ಜಾಕ್ ವ್ಯಾನ್ಸ್ ಎಂಬ ಕಾದಂಬರಿಕಾರ 1950ರಲ್ಲಿ ಪ್ರಕಟಿಸಿದ 'ದಿ ಡೈಯಿಂಗ್ ಅರ್ತ್' ಕೃತಿಯಿಂದ ಒಂದು ಉಪಾಯವನ್ನು ತಂದರು: ಮಾಂತ್ರಿಕ ಕೆಲವೇ ಮಂತ್ರಗಳನ್ನು ಉರುಹೊಡೆದು ಮನಸ್ಸಿನಲ್ಲಿಟ್ಟುಕೊಳ್ಳಬಲ್ಲ, ಒಮ್ಮೆ ಉಚ್ಚರಿಸಿದರೆ ಆ ಮಂತ್ರ ಮರೆತುಹೋಗುತ್ತದೆ. ಮೊದಲ ಮಟ್ಟದ ಮಾಂತ್ರಿಕನಿಗೆ ದಿನಕ್ಕೆ ಒಂದೇ ಮಂತ್ರ. ಅವನು ಎರಡನೆಯ ಮಟ್ಟ ಏರಬೇಕಾದರೆ 2500 ಅಂಕದ ಅನುಭವ ಬೇಕು. ಕಟ್ಟಾಳಿಗೆ 2000 ಸಾಕು. 1998ರಲ್ಲಿ ಬಂದ ಮೊದಲ 'ಬಾಲ್ಡರ್ಸ್ ಗೇಟ್' ಗಣಕಯಂತ್ರದ ಆಟವೂ ಇದೇ ಸಂಪ್ರದಾಯದ್ದು. ಅಲ್ಲಿ ಕಟ್ಟಾಳಿನ ಪ್ರಾಣಶಕ್ತಿಗೆ ಹತ್ತು ಮುಖದ ದಾಳ, ಮಾಂತ್ರಿಕನದಕ್ಕೆ ನಾಲ್ಕು ಮುಖದ್ದು. ಮಂತ್ರ ಹೇಳುತ್ತಿರುವಾಗ ಒಂದು ಬಾಣ ತಗುಲಿದರೂ ಮಂತ್ರ ಕೆಟ್ಟಿತು. ಆದ್ದರಿಂದ ಮಾಂತ್ರಿಕನಿಗೆ ಕಟ್ಟಾಳಿನ ಹಂಗು ಇತ್ತು. ಮುಂದೆ ನಿಂತು ಏಟು ತಡೆಯುವವನಿಲ್ಲದಿದ್ದರೆ ಅವನ ವಿದ್ಯೆ ಬಾಯಿಂದ ಹೊರಗೇ ಬರುತ್ತಿರಲಿಲ್ಲ.

2000ದಲ್ಲಿ ಬಂದ ಮೂರನೆಯ ಪರಿಷ್ಕರಣ ಈ ಹಂಗನ್ನು ಬಹುಮಟ್ಟಿಗೆ ಕಡಿಯಿತು. ಎಲ್ಲ ವೃತ್ತಿಗಳಿಗೂ ಅನುಭವದ ಪಟ್ಟಿ ಒಂದೇ ಆಯಿತು. ಪೆಟ್ಟು ಬಿದ್ದರೂ ದಾಳ ಉರುಳಿಸಿ ಏಕಾಗ್ರತೆ ಉಳಿಸಿಕೊಳ್ಳಲು ಮಾಂತ್ರಿಕನಿಗೆ ಅವಕಾಶ ದೊರೆಯಿತು. ನಿಯಮಗಳು ಸರಳವಾದವೆಂದು ಎಲ್ಲರೂ ಹೊಗಳಿದರು. ಸರಳವಾದದ್ದು ನಿಜ. ಆದರೆ ತಕ್ಕಡಿಯ ಒಂದು ತಟ್ಟೆಯಿಂದ ಕಲ್ಲುಗಳನ್ನು ತೆಗೆದರೆ ತಕ್ಕಡಿ ಹಗುರವಾಗುತ್ತದೆಯೇ ಹೊರತು ತೂಕ ಸರಿಯಾಗುವುದಿಲ್ಲ.

ಗಣಕಯಂತ್ರಕ್ಕೆ ಬಂದಾಗ ಇನ್ನೊಂದು ಅನಾಹುತವಾಯಿತು. ದಿನಕ್ಕೆ ಇಂತಿಷ್ಟೇ ಮಂತ್ರ ಎಂಬ ಕಟ್ಟಳೆ ನಿಂತಿರುವುದು ದಿನ ಎಂಬುದರ ಮೇಲೆ. ಮೇಜಿನ ಆಟದಲ್ಲಿ ಕಾಲವನ್ನು ಕಾಯಲು ಒಬ್ಬ ಸೂತ್ರಧಾರನಿರುತ್ತಾನೆ. "ನೀವು ಎಂಟು ಗಂಟೆ ಮಲಗಿದರೆ ಅಷ್ಟರಲ್ಲಿ ಶತ್ರುಗಳು ಕೋಟೆ ಬಿಟ್ಟು ಓಡಿರುತ್ತಾರೆ" ಎಂದು ಅವನು ಎಚ್ಚರಿಸಬಲ್ಲ. ಯಂತ್ರದ ಆಟದಲ್ಲಿ ರಾತ್ರಿ ಬರಿಸುವುದು ಒಂದು ಗುಂಡಿ ಒತ್ತಿದಷ್ಟೇ ಸುಲಭ. 'ಬಾಲ್ಡರ್ಸ್ ಗೇಟ್ 3'ರಲ್ಲಿ ಬಿಡಾರ ಹೂಡಿ ಪೂರ್ತಿ ವಿಶ್ರಮಿಸಲು ಸಾಧಾರಣ ಕಷ್ಟದ ಮಟ್ಟದಲ್ಲಿ 40 ಅಳತೆಯ ಆಹಾರಸಾಮಗ್ರಿ ಬೇಕು. ದಾರಿಯುದ್ದಕ್ಕೂ ಪೆಟ್ಟಿಗೆ ಪೀಪಾಯಿಗಳಲ್ಲಿ ರೊಟ್ಟಿ, ಗಿಣ್ಣು, ಮೀನು ಹೇರಳವಾಗಿ ಸಿಗುತ್ತಿರುವಾಗ ಅದೇನು ದೊಡ್ಡ ದಂಡವೆ? ಲೋಕದ ಕೇಡು ತಲೆಯ ಮೇಲೆ ತೂಗುತ್ತಿದ್ದರೂ ಕೆಲವು ಪ್ರಸಂಗಗಳನ್ನು ಬಿಟ್ಟರೆ ಬಹುಮಟ್ಟಿಗೆ ಅದು ನಾವು ಎದ್ದು ಬರುವವರೆಗೆ ಕಾಯುತ್ತದೆ. ಹೀಗೆ ಮಾಂತ್ರಿಕನ ಸಾಲ ಪ್ರತಿ ರಾತ್ರಿ ಮನ್ನಾ ಆಗುತ್ತದೆ. ಕಟ್ಟಾಳಿಗೆ ಎಷ್ಟು ಹೊಡೆದರೂ ಕತ್ತಿ ಸವೆಯದು ಎಂಬ ಒಂದೇ ಒಂದು ಮೇಲ್ಮೆ ಇತ್ತು. ಬೇಡವೆಂದಾಗ ಮಲಗಿ ಏಳುವ ಮಾಂತ್ರಿಕನ ಮುಂದೆ ಆ ಮೇಲ್ಮೆಗೂ ಬೆಲೆಯಿಲ್ಲದಾಯಿತು.

ಈಗ ಎದುರುವಾದಿಗಳ ಮಾತನ್ನು ಕೇಳೋಣ.

ಮೊದಲನೆಯವರು ಹೇಳುತ್ತಾರೆ: ಮಂತ್ರವೆಂದರೆ ಮಂತ್ರ, ಅದು ಕತ್ತಿಗಿಂತ ಹೆಚ್ಚಿನದಾಗಿರಲೇಬೇಕು. ಇರಲೇಬೇಕೆಂದು ಯಾವ ಶಾಸ್ತ್ರ ಹೇಳಿದೆ? ಈ ಆಟಗಳ ಕಲ್ಪನೆಗೆ ಬಹಳಷ್ಟು ಒದಗಿಸಿದ ಟೋಲ್ಕಿನ್ನನ ಮಹಾಕಥೆ 1954-55ರಲ್ಲಿ ಪ್ರಕಟವಾಯಿತು. ಅದರ ಮಾಂತ್ರಿಕ ಗ್ಯಾಂಡಾಲ್ಫ್ ಸೊಂಟದಲ್ಲಿ ಕತ್ತಿ ಕಟ್ಟಿಕೊಂಡೇ ತಿರುಗುತ್ತಾನೆ. ತನ್ನ ಶಕ್ತಿಯನ್ನು ಬಳಸುವುದು ಅಪರೂಪ. ನಮ್ಮ ಮಹಾಭಾರತವನ್ನೇ ನೋಡಿ. ಅಲ್ಲಿ ಮಂತ್ರವೂ ಬಿಲ್ಲೂ ಬೇರೆ ಬೇರೆ ಜನರ ಆಸ್ತಿಯಲ್ಲ. ಅಸ್ತ್ರವೆಂದರೆ ಮಂತ್ರಿಸಿದ ಬಾಣ. ಅದನ್ನು ಬಿಡುವವನಿಗೆ ತೋಳಿನ ಬಲವೂ ಬೇಕು, ಮಂತ್ರದ ನೆನಪೂ ಬೇಕು. ಜೊತೆಗೆ ಪ್ರತಿಯೊಂದಕ್ಕೂ ಬೆಲೆ ಇದೆ. ಇಂದ್ರ ಕೊಟ್ಟ ಶಕ್ತ್ಯಾಯುಧ ಕರ್ಣನಿಗೆ ಒಂದೇ ಸಲಕ್ಕೆ. ಅರ್ಜುನನಿಗೆಂದು ಕಾಪಾಡಿಟ್ಟದ್ದು ಘಟೋತ್ಕಚನ ಮೇಲೆ ಖರ್ಚಾಯಿತು, ಮತ್ತೆ ಮಲಗಿ ಎದ್ದರೆ ಬರಲಿಲ್ಲ. ಅಶ್ವತ್ಥಾಮನಿಗೆ ಬ್ರಹ್ಮಶಿರೋಸ್ತ್ರವನ್ನು ಬಿಡಲು ಬಂತು, ಹಿಂದಕ್ಕೆ ಪಡೆಯಲು ಬರಲಿಲ್ಲ. ದುರ್ಯೋಧನ ಜಲಸ್ತಂಭನ ವಿದ್ಯೆಯಿಂದ ಕೊಳದಡಿ ಅಡಗಿದ. ರನ್ನನ 'ಗದಾಯುದ್ಧ'ವನ್ನು ಓದಿದವರೆಲ್ಲ ಬಲ್ಲರು, ಮಂತ್ರ ಅವನನ್ನು ಬಚ್ಚಿಟ್ಟಿತೇ ವಿನಾ ತೀರ್ಪು ಕೊಟ್ಟದ್ದು ಗದೆ. ಮಂತ್ರ ಅದ್ಭುತವಾಗಿರಬೇಕಾದರೆ ಅದು ಸರ್ವಶಕ್ತವಾಗಿರಬೇಕಿಲ್ಲ. ದಿನಕ್ಕೆ ಹತ್ತು ಸಲ ಮಾಡಬಹುದಾದದ್ದು ಅದ್ಭುತವಾದರೂ ಹೇಗಾದೀತು?

ಎರಡನೆಯವರ ವಾದ ಇನ್ನೂ ಜಾಣತನದ್ದು. ಇದು ಕುಸ್ತಿಯ ಕಣವಲ್ಲ, ಎಲ್ಲರೂ ಒಂದೇ ಪಕ್ಷದವರು, ಮಾಂತ್ರಿಕ ಗೆದ್ದರೆ ಕಟ್ಟಾಳೂ ಗೆದ್ದಂತೆ. ಇದರಲ್ಲಿ ಸಮತೋಲವೇಕೆ ಎಂದು ಅವರು ಕೇಳುತ್ತಾರೆ. ಒಬ್ಬನೇ ಕುಳಿತು ಇಡೀ ತಂಡವನ್ನು ನಡೆಸುವವನಿಗೆ ಈ ಮಾತು ಅರ್ಧ ಒಪ್ಪಿತವಾಗಬಹುದು. ಆದರೆ ಜೊತೆಯಲ್ಲಿ ಆಡುವವರ ಆನಂದ ಗೆಲುವಿನಲ್ಲಿ ಮಾತ್ರ ಇರುವುದಿಲ್ಲ, ಗೆಲುವಿನಲ್ಲಿ ತನ್ನ ಪಾಲೂ ಇತ್ತೆಂಬ ಅರಿವಿನಲ್ಲಿರುತ್ತದೆ. ಮದುವೆಮನೆಯಲ್ಲಿ ಊಟ ಎಲ್ಲರಿಗೂ ಸಿಗುತ್ತದೆ. ಆದರೆ ಬಡಿಸಲು ಒಂದು ಸೌಟೂ ಕೈಗೆ ಸಿಗದ ಬಂಧುವಿನ ಮುಖವನ್ನು ನೋಡಿದ್ದೀರಾ?

ಮೂರನೆಯವರು, "ಹಾಗಾದರೆ ಎಲ್ಲರನ್ನೂ ಒಂದೇ ಸಮ ಮಾಡಿಬಿಡೋಣವೆ?" ಎಂದು ಹೆದರಿಸುತ್ತಾರೆ. ಆ ಪ್ರಯೋಗವೂ ಆಗಿಹೋಗಿದೆ. 2008ರ ನಾಲ್ಕನೆಯ ಪರಿಷ್ಕರಣದಲ್ಲಿ ಕಟ್ಟಾಳಿಗೂ ಮಾಂತ್ರಿಕನಿಗೂ ಒಂದೇ ಅಚ್ಚಿನ ಶಕ್ತಿಗಳನ್ನು ಹಂಚಿದರು: ಬೇಕೆಂದಾಗ ಬಳಸುವವು ಕೆಲವು, ಕಾಳಗಕ್ಕೊಮ್ಮೆ ಬಳಸುವವು ಕೆಲವು, ದಿನಕ್ಕೊಮ್ಮೆ ಬಳಸುವವು ಕೆಲವು. ಲೆಕ್ಕ ಸರಿಹೋಯಿತು, ರುಚಿ ಕೆಟ್ಟಿತು ಎಂದು ಹಳಬರು ಅನೇಕರು ದೂರಿದರು. ನನಗೂ ಆ ದೂರು ನ್ಯಾಯವೆನಿಸುತ್ತದೆ. ದಿನಕ್ಕೊಂದು ಸಲ ಮಾತ್ರ ಬೀಸಲು ಬರುವ ಕತ್ತಿಯ ಪಟ್ಟು ಯಾವ ಗರಡಿಯಲ್ಲಿದೆ? ಕಟ್ಟಾಳಿಗೆ ಮಾಂತ್ರಿಕನ ವೇಷ ಹಾಕಿಸಿದರೆ ಅವನಿಗೆ ಮಾನ ಕೊಟ್ಟಂತಾಗುವುದಿಲ್ಲ. ಸಮತೋಲವನ್ನು ಬೇಡುವವರು ಸಮಾನರೂಪವನ್ನು ಬೇಡುತ್ತಿಲ್ಲ.

ಬೇರೆಯವರ ಪ್ರಯತ್ನಗಳೂ ಇವೆ. 2011ರ 'ಸ್ಕೈರಿಮ್' ಆಟದಲ್ಲಿ ಪಕ್ಷಪಾತ ತಿರುಗುಮುರುಗಾಗಿತ್ತು. ಅಲ್ಲಿ ಕತ್ತಿಯನ್ನು ಸಾಣೆ ಹಿಡಿದು, ಮಂತ್ರಿಸಿ, ಬೆಳೆಸುತ್ತ ಹೋಗಬಹುದು. ಬೆಂಕಿಯ ಮಂತ್ರವೋ, ವಿದ್ಯೆ ಬೆಳೆದಂತೆ ಅದರ ಖರ್ಚು ಇಳಿಯುತ್ತದೆಯೇ ಹೊರತು ಸುಡುವ ಶಕ್ತಿ ಅಷ್ಟಕ್ಕಷ್ಟೆ. 2017ರ 'ಡಿವಿನಿಟಿ: ಒರಿಜಿನಲ್ ಸಿನ್ 2'ರಲ್ಲಿ ಇದೇ ಲೇರಿಯನ್ ಸಂಸ್ಥೆ ಪ್ರತಿಯೊಬ್ಬನಿಗೂ ಎರಡು ಕವಚ ತೊಡಿಸಿತು: ಏಟಿಗೊಂದು, ಮಂತ್ರಕ್ಕೊಂದು. ನ್ಯಾಯವೇನೋ ಸಮನಾಗಿತ್ತು. ಆದರೆ ಕತ್ತಿಯವನು ಒಂದು ಕವಚವನ್ನು, ಮಂತ್ರದವನು ಇನ್ನೊಂದನ್ನು ಒಡೆಯುತ್ತ ಕುಳಿತರೆ ಇಬ್ಬರ ಶ್ರಮವೂ ಒಂದಕ್ಕೊಂದು ಕೂಡದೆ ಹೋಗುತ್ತಿತ್ತು. 2009ರ 'ಡ್ರ್ಯಾಗನ್ ಏಜ್: ಆರಿಜಿನ್ಸ್' ಕಥೆಯಲ್ಲಿ ಮಾಂತ್ರಿಕರನ್ನು ಗೋಪುರಗಳಲ್ಲಿ ಕೂಡಿಟ್ಟು, ಕಾವಲಿಗೆ ಕತ್ತಿಯ ಭಟರನ್ನು ನೇಮಿಸಿದ್ದಾರೆ. ಆಡಿದವನಿಗೆ ಮಾತ್ರ ಆ ಭಟರ ಕಾವಲು ಅಷ್ಟು ಪ್ರಬಲ ಮಾಂತ್ರಿಕರಿಗೆ ಎಲ್ಲಿ ಸಾಕಾದೀತೆಂಬ ಸಂದೇಹ ಬರುತ್ತದೆ. ಕಥೆ ಒಂದು ಹೇಳುತ್ತದೆ, ಲೆಕ್ಕ ಇನ್ನೊಂದು ಹೇಳುತ್ತದೆ.

ಇವರೆಲ್ಲರೂ ತೂಗಿದ್ದು ಏಟಿನ ತೂಕವನ್ನು. ತಪ್ಪಿರುವುದು ಅಲ್ಲಿಯೇ. ನಾನು ವ್ಯಾಕರಣ ಕಲಿಸುವವನು. ಕಟ್ಟಾಳಿನ ಗೋಳು ನನಗೆ ವ್ಯಾಕರಣದ ಗೋಳಾಗಿ ಕಾಣುತ್ತದೆ. ಮಾಂತ್ರಿಕ ಒಂದೊಂದು ಮೆಟ್ಟಿಲು ಏರಿದಾಗಲೂ ಅವನಿಗೆ ಹೊಸ ಕ್ರಿಯಾಪದಗಳು ದೊರೆಯುತ್ತವೆ: ಹಾರು, ಮರೆಯಾಗು, ತೆರೆ, ಮರುಳುಮಾಡು, ರೂಪ ಬದಲಿಸು. ಕಟ್ಟಾಳು ಮೆಟ್ಟಿಲೇರಿದಾಗ ಅವನಿಗೆ ದೊರೆಯುವುದು ಬಹುಪಾಲು ಸಂಖ್ಯಾವಾಚಕ. ಹನ್ನೊಂದನೆಯ ಮಟ್ಟದಲ್ಲಿ ಅವನು ಒಂದು ಸರದಿಗೆ ಮೂರು ಸಲ ಹೊಡೆಯಬಲ್ಲ. ಆದರೆ 'ಹೊಡೆ' ಎಂಬ ಧಾತು ಒಂದೇ. ಇಬ್ಬರ ಏಟಿನ ಮೊತ್ತವನ್ನು ಕಾಸಿಗೆ ಕಾಸು ಸರಿಮಾಡಿದರೂ, ಒಬ್ಬನಲ್ಲಿ ನೂರು ಧಾತು, ಇನ್ನೊಬ್ಬನಲ್ಲಿ ಒಂದು ಇರುವವರೆಗೆ ಸಮತೋಲ ಬಂದಂತಲ್ಲ. 'ಬಾಲ್ಡರ್ಸ್ ಗೇಟ್ 3'ರಲ್ಲಿ ಕಾಳಗದ ಮಟ್ಟಿಗೆ ಕಟ್ಟಾಳು ಯಾರಿಗೂ ಕಡಮೆಯಲ್ಲವೆಂಬುದನ್ನು ನಾನು ಒಪ್ಪುತ್ತೇನೆ. ಆಟ ಹನ್ನೆರಡನೆಯ ಮಟ್ಟಕ್ಕೇ ನಿಲ್ಲುವುದರಿಂದ ಏಳನೆಯ ಶ್ರೇಣಿಯ ಮಹಾಮಂತ್ರಗಳೂ ಅಲ್ಲಿ ಮಾಂತ್ರಿಕನ ಕೈಗೆ ಬರುವುದಿಲ್ಲ. ಆದರೂ ಕಾಳಗದ ಹೊರಗೆ ನಾನು ನಿಂತೇ ಇದ್ದೆ.

ಇದು ಆಟವಷ್ಟೆ, ಇಷ್ಟೇಕೆ ಬಿಸಿಯಾಗುತ್ತೀರಿ ಎನ್ನಬಹುದು. ನನ್ನ ತಂದೆ ಮರಗೆಲಸದವರು. ನಾನು ಎಂ.ಎ. ಮಾಡಿ ಮಾತಿನಿಂದ ಅನ್ನ ಸಂಪಾದಿಸುವವನಾದದ್ದು ಅವರ ಬಾಚಿ, ಉಳಿ, ಕೊಡತಿಗಳ ದುಡಿಮೆಯಿಂದ. ಹಲಗೆಯನ್ನು ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿ, ಒಳಗೆ ಹುಳು ಹಿಡಿದಿದೆಯೆಂದು ಅವರು ಹೇಳಿಬಿಡುತ್ತಿದ್ದರು. ಸೀಳಿ ನೋಡಿದರೆ ಇರುತ್ತಿತ್ತು. ಬಾಗಿಲ ಚೌಕಟ್ಟನ್ನು ಕಂಡರೆ ಮನೆಯ ಗೋಡೆ ಯಾವ ಕಡೆ ಕುಸಿಯುತ್ತಿದೆಯೆಂದು ತಿಳಿಯುತ್ತಿತ್ತು. ಅದು ಬರಿಯ ತೋಳ್ಬಲವೆ? ಕೈಗೂ ಒಂದು ಓದು ಇದೆ. ಪುಸ್ತಕ ಹಿಡಿದವನು ಮಾತ್ರ ಲೋಕವನ್ನು ಬದಲಿಸುತ್ತಾನೆ, ಆಯುಧ ಹಿಡಿದವನು ಅವನ ಮುಂದೆ ನಿಂತು ಪೆಟ್ಟು ತಿನ್ನುತ್ತಾನೆ ಎಂಬ ಪಾಠವನ್ನು ನಮ್ಮ ಮಧ್ಯಮವರ್ಗದ ಮನೆಗಳು ಮಕ್ಕಳಿಗೆ ಸಾಕಷ್ಟು ಕಲಿಸಿವೆ. ನಲ್ಲಿ ರಿಪೇರಿಗೆ ಬಂದವನನ್ನು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸುವುದನ್ನು ಅವು ನಮ್ಮಿಂದಲೇ ಕಲಿತಿವೆ. ನೂರಾರು ಗಂಟೆ ಆಡುವ ಆಟವೂ ಅದೇ ಪಾಠವನ್ನು ಹೇಳಿಕೊಡಬೇಕೆ?

ದಾರಿ ಇಲ್ಲದಿಲ್ಲ. ಅದನ್ನು ತೋರಿಸಿಕೊಟ್ಟದ್ದೂ ಇದೇ ಆಟ. ಅದರಲ್ಲಿ ತೋಳ್ಬಲ ಹೆಚ್ಚಿದ್ದವನು ಹೆಚ್ಚು ದೂರ ಜಿಗಿಯಬಲ್ಲ, ಕೈಗೆ ಸಿಕ್ಕಿದ್ದನ್ನು ಎತ್ತಿ ಎಸೆಯಬಲ್ಲ, ಎದುರಾಳಿಯನ್ನು ನೂಕಬಲ್ಲ. ಒಂದೊಂದು ಜಾತಿಯ ಆಯುಧಕ್ಕೂ ಅದರದೇ ಆದ ಪಟ್ಟುಗಳಿವೆ: ಮಹಾಖಡ್ಗಕ್ಕೆ ಒಂದೇ ಬೀಸಿಗೆ ಹಲವರನ್ನು ಕಡಿಯುವುದು, ದೊಣ್ಣೆಗೆ ಕಾಲು ಹೊಡೆದು ಬೀಳಿಸುವುದು. ಒಂದು ಸಂಜೆ ಮಗಳ ಮಂತ್ರಗಳೆಲ್ಲ ತೀರಿದ್ದವು. ಬಂಡೆಯ ಅಂಚಿನಲ್ಲಿ ನಿಂತು ನಮ್ಮನ್ನು ಗೋಳುಹೊಯ್ದುಕೊಳ್ಳುತ್ತಿದ್ದ ಶತ್ರುವಿನ ಬಳಿಗೆ ನಾನು ಒಂದೇ ನೆಗೆತಕ್ಕೆ ಹೋಗಿ, ಕತ್ತಿ ಎತ್ತದೆ, ಎರಡೂ ಕೈಯಿಂದ ಪ್ರಪಾತಕ್ಕೆ ನೂಕಿಬಿಟ್ಟೆ. ಅವಳು ಚಪ್ಪಾಳೆ ತಟ್ಟಿ ನಕ್ಕು, "ಅಪ್ಪಾ, ಅದು ಹೇಗೆ ಹೊಳೀತು ನಿಮಗೆ?" ಎಂದಳು. ಅಷ್ಟು ದಿನಗಳಲ್ಲಿ ನನಗೆ ಏನಾದರೂ ಹೊಳೆದೀತೆಂದು ಅವಳು ಭಾವಿಸಿದ್ದು ಅದೇ ಮೊದಲು. ಬೇಕಾಗಿದ್ದದ್ದು ಇಷ್ಟೇ, ಒಂದು ಕ್ರಿಯಾಪದ.

ಮೇಜಿನ ಆಟದವರೂ ಈಗ ಇತ್ತ ತಿರುಗಿದ್ದಾರೆ. 2024ರ ಪರಿಷ್ಕೃತ ನಿಯಮಗಳಲ್ಲಿ ಕಟ್ಟಾಳಿಗೆ ಆಯುಧಪ್ರಾವೀಣ್ಯವೆಂಬ ಪಟ್ಟುಗಳು ದೊರೆತಿವೆ. ಅದಕ್ಕಿಂತ ಮುಖ್ಯವಾಗಿ, ಎರಡನೆಯ ಮಟ್ಟದಿಂದಲೇ ತನ್ನ ದಮ್ಮನ್ನು ಖರ್ಚುಮಾಡಿ ಕಾಳಗದ ಹೊರಗಿನ ಪರೀಕ್ಷೆಗಳಲ್ಲೂ, ಹತ್ತುವುದು, ಹುಡುಕುವುದು, ಮಾತಿನಲ್ಲಿ ಒಪ್ಪಿಸುವುದು ಮುಂತಾದವುಗಳಲ್ಲಿ, ಸೋಲನ್ನು ಗೆಲುವಾಗಿಸಿಕೊಳ್ಳುವ ಅವಕಾಶ ಸಿಕ್ಕಿದೆ. ಐವತ್ತು ವರ್ಷಕ್ಕೆ ಬಂದ ಬುದ್ಧಿ, ಬಂತಲ್ಲ, ಸಂತೋಷ.

ಮುಂದೆ ಆಟ ಕಟ್ಟುವವರಲ್ಲಿ ನನ್ನ ಬಿನ್ನಹ ಎರಡೇ. ಮಾಂತ್ರಿಕನ ಬೆಂಕಿಯ ಉಂಡೆಯನ್ನು ಚಿಕ್ಕದು ಮಾಡಬೇಡಿ. ಅವನ ರಾತ್ರಿಯನ್ನು ದುಬಾರಿ ಮಾಡಿ. ಕಟ್ಟಾಳಿನ ಕತ್ತಿಯನ್ನು ಉದ್ದ ಮಾಡಬೇಡಿ. ಕತ್ತಿ ಒರೆಯಲ್ಲಿರುವಾಗ ಅವನಿಗೆ ಮಾಡಲು ಕೆಲಸ ಕೊಡಿ. ಮುರಿದ ಸೇತುವೆಯ ಭಾರ ಎಷ್ಟು ತಡೆದೀತೆಂದು ಅವನು ಹೇಳಲಿ. ಗಾಯ ಯಾವ ಆಯುಧದ್ದೆಂದು ಅವನು ಗುರುತಿಸಲಿ. ಹೆದರಿದ ಊರ ಜನರನ್ನು ಸಾಲುಗಟ್ಟಿಸಿ ನಿಲ್ಲಿಸುವುದು ಅವನಿಂದಲೇ ಆಗಲಿ. ಅದೃಶ್ಯವಾಗುವ ವಿದ್ಯೆ ಯಾರಿಗಾದರೂ ಇರಲಿ. ಕಣ್ಣೆದುರು ನಿಂತಿರುವ ಮನುಷ್ಯನನ್ನು ಅದೃಶ್ಯನನ್ನಾಗಿ ಮಾಡುವ ಆಟ ಬೇಡ. ಮುಂದಿನ ರಜೆಯಲ್ಲಿ ಮಗಳು ಮತ್ತೆ ಕರೆದಾಗಲೂ ನಾನು ಕಟ್ಟಾಳಾಗಿಯೇ ಕೂಡುವವನು. ಬೀಗದ ಬಾಗಿಲು ಎದುರಾದಾಗ "ಇಲ್ಲೇ ನಿಂತಿರಿ" ಎನ್ನುವ ಬದಲು ಅವಳು "ಅಪ್ಪಾ, ಈ ಚೌಕಟ್ಟು ಹೇಗಿದೆ, ಸ್ವಲ್ಪ ನೋಡಿ" ಎನ್ನುವಂತಹ ಆಟವನ್ನು ಯಾರಾದರೂ ಕಟ್ಟಿಯಾರೆಂದು ಕಾದಿದ್ದೇನೆ.